ಮಧುಗಿರಿಯಲ್ಲಿ ‘ಬೆಕ್ಕಿನ ಸಾರು’

ತುಮಕೂರು ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕನ್ನು ಬೇರೆ ಮಾಡಿ ಶಿಕ್ಷಣ ಇಲಾಖೆ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಎಂದು ಕರೆಯುತ್ತದೆ. ಮೇಷ್ಟ್ರುಗಳನ್ನು ಬಿಟ್ಟರೆ ಬೇರೆಯವರಿಗೆ ಈ ಹೆಸರು ಅಷ್ಟಾಗಿ ಬೇಕಾಗುವುದಿಲ್ಲ. ನಮಗೆ ಬೇಕು. ತಾಲೂಕಿಗೊಬ್ಬರಂತೆ ನಾವು ನಾಲ್ವರು ಪರಿಚಯವಾದದ್ದೇ ಈ ಹೆಸರಿನ ದೆಸೆಯಿಂದ. ತರಬೇತಿಯೋ ಸಭೆಯೋ ಏನಾದರೊಂದು ನೆಪದಲ್ಲಿ ಮಧುಗಿರಿಗೆ ಬರುತ್ತೇವೆ, ಹಾಜರಿ ಹಾಕುತ್ತೇವೆ, ಸಂಜೆಯ ಬಸ್ಸಿಗೆ ಮೊದಲು ಮಧುಗಿರಿಯವರ ಮನೆಯಲ್ಲಿ ಚಹಾ ಕುಡಿದು ಒಂದಷ್ಟು ಹೊತ್ತು ಸಾಹಿತ್ಯ, ಸಿನಿಮಾ ಎಂದು ಹರಟುತ್ತೇವೆ. ಹಾಗೆ ಹರಟುವಾಗ ನೋಡಿದ ಒಂದು ಜಪಾನಿ ಕಿರುಚಿತ್ರದ ಬಗ್ಗೆ ಬರೆಯಬೇಕೆಂದು ಅನಿಸಿದೆ. ನಾಲ್ಕೂ ತಾಲೂಕಿನಲ್ಲಿ ಇಂಥ ಚಿತ್ರ ಬಿಡುಗಡೆಯಾಗುವುದಿಲ್ಲ. ಬಿಡುಗಡೆಯಾದರೂ ಎರಡನೇ ಆಟಕ್ಕೆ ಜನ ಇರಲಾರರು. ಆದರೂ ಬರೆಯುವುದಕ್ಕೆ ಕಾರಣವಿದೆ.

ಚಿತ್ರ ತಂದವನು ನಮ್ಮ ಹಳೆಯ ವಿದ್ಯಾರ್ಥಿ. ಶಾಲೆಯಲ್ಲಿದ್ದಾಗ ನೋಟ್ಸಿನ ಅಂಚಿನಲ್ಲೆಲ್ಲ ಚಿತ್ರ ಬಿಡಿಸಿ ಬೈಸಿಕೊಳ್ಳುತ್ತಿದ್ದವನು ಈಗ ಬೆಂಗಳೂರಿನ ಒಂದು ಅನಿಮೇಷನ್ ಕಂಪೆನಿಯಲ್ಲಿದ್ದಾನೆ. ಯಾವುದೋ ದೇಶದ ಮಕ್ಕಳ ಧಾರಾವಾಹಿಗೆ, ಯಾರೋ ಬರೆದ ರೇಖೆಯ ನಡುವೆ ಬಣ್ಣ ತುಂಬುವುದು, ಒಂದು ಭಂಗಿಗೂ ಮುಂದಿನ ಭಂಗಿಗೂ ನಡುವಿನ ಚಿತ್ರಗಳನ್ನು ಮಾಡಿಕೊಡುವುದು ಅವನ ಕೆಲಸ. “ದಿನಪೂರ್ತಿ ಅದೇ ಕರಡಿ ಸಾರ್, ಅದೇ ಬಲೂನು” ಎಂದ. ಇನ್ನೊಬ್ಬರ ಕನಸಿಗೆ ಕೂಲಿ ಮಾಡುವ ಇಂಥ ಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. ಅವರದೇ ಕನಸನ್ನು ಕನ್ನಡದಲ್ಲಿ ಬಿಡಿಸಿ ಎನ್ನುವವರು ಕಡಿಮೆ. ಇರಲಿ. ರಜೆಗೆ ಬಂದವನು ಪೆನ್‌ಡ್ರೈವಿನಲ್ಲಿ ಮೂರು ಚಿತ್ರ ತಂದಿದ್ದ. ಟಿ.ವಿ.ಗೆ ಸಿಕ್ಕಿಸಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ನಮ್ಮನ್ನು ಸಾಲಾಗಿ ಕೂರಿಸಿದ. ಆವತ್ತು ಅವನು ಮೇಷ್ಟ್ರು, ನಾವು ಹುಡುಗರು.

ಮೊದಲನೆಯದು ಒಸಾಮು ತೆಜುಕಾ 1984ರಲ್ಲಿ ಮಾಡಿದ ‘ಜಂಪಿಂಗ್’. ಆರೇ ನಿಮಿಷ. ರಸ್ತೆಯಲ್ಲಿ ಕುಪ್ಪಳಿಸುತ್ತಾ ಹೋಗುವ ಯಾರದೋ ಕಣ್ಣಿಗೆ ಕಂಡದ್ದಷ್ಟೇ ಚಿತ್ರ. ಕುಪ್ಪಳಿಕೆ ಎತ್ತರವಾಗುತ್ತಾ ಮರದ ಮೇಲೆ, ಮಾಳಿಗೆಯ ಮೇಲೆ, ಊರಿನ ಮೇಲೆ, ಸಮುದ್ರದ ಮೇಲೆ ಹಾರಿ ಕಡೆಗೆ ಒಂದು ಯುದ್ಧದ ನಡುವೆ ಇಳಿಯುತ್ತದೆ. ಬಾಂಬು ಸಿಡಿದು ನರಕಕ್ಕೇ ಹೋಗಿ, ಅಲ್ಲಿಂದ ಎಸೆಯಲ್ಪಟ್ಟು ಮತ್ತೆ ಅದೇ ರಸ್ತೆಗೆ ಬಂದು ಬೀಳುತ್ತದೆ. ಎರಡನೆಯದು ಕೋಜಿ ಯಾಮಾಮುರಾ 2002ರಲ್ಲಿ ಮಾಡಿದ ‘ಅತಾಮಾ ಯಾಮಾ’. ಹೆಸರಿನ ಅರ್ಥ ‘ತಲೆಬೆಟ್ಟ’. ಬೀಜವನ್ನೂ ಬಿಸಾಡಲಾರದೆ ಚೆರಿ ಹಣ್ಣನ್ನು ಬೀಜಸಮೇತ ನುಂಗಿದ ಜಿಪುಣನ ನೆತ್ತಿಯ ಮೇಲೆ ಮರ ಹುಟ್ಟುತ್ತದೆ. ಅದು ಹೂ ಬಿಟ್ಟಾಗ ಜನ ಅವನ ತಲೆಯ ಮೇಲೆ ಜಾತ್ರೆ ಸೇರುತ್ತಾರೆ. ಕಾಟ ತಾಳಲಾರದೆ ಮರ ಕಿತ್ತರೆ ಆ ಗುಂಡಿಯಲ್ಲಿ ನೀರು ನಿಂತು ಕೊಳವಾಗುತ್ತದೆ, ಅದಕ್ಕೂ ಜನ ಬರುತ್ತಾರೆ. ಕೊನೆಗೆ ಆತ ತನ್ನ ತಲೆಯ ಮೇಲಿನ ಕೊಳಕ್ಕೆ ತಾನೇ ಬಿದ್ದು ಸಾಯುತ್ತಾನೆ. 2003ರಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದ ಚಿತ್ರವಿದು. ತಂತಿವಾದ್ಯ ಮೀಟುತ್ತಾ ಒಬ್ಬಾತ ಕಥೆ ಹೇಳುವ ಧಾಟಿ ಕೇಳಿ ನಮ್ಮಲ್ಲಿ ಕೊರಟಗೆರೆಯವರು, “ಇವನು ನಮ್ಮ ತಂಬೂರಿಯವನ ಅಣ್ಣನೇ” ಎಂದರು. ಕಿಟಕಿಯಿಂದಾಚೆ ಊರಿನ ನೆತ್ತಿಯಂತೆಯೇ ನಿಂತಿರುವ ಏಕಶಿಲಾ ಬೆಟ್ಟವನ್ನು ದಿನವೂ ನೋಡುವವರಿಗೆ ತಲೆಬೆಟ್ಟ ಎಂಬ ಕಲ್ಪನೆ ಅಂಥ ದೂರದ್ದೇನಲ್ಲ. ಎರಡನ್ನೂ ನಕ್ಕು ನೋಡಿದೆವು, ಚಹಾ ಬಂತು.

ಮೂರನೆಯದಕ್ಕೆ ನಗು ನಿಂತಿತು.

ಅದರ ಹೆಸರು ‘ನೆಕೊಜಿರು-ಸೋ’. 2001ರ ಚಿತ್ರ, ನಿರ್ದೇಶಕ ತತ್ಸುವೊ ಸಾತೊ, ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು. ಮುಂದೆ ‘ಮೈಂಡ್ ಗೇಮ್’ (2004) ಮಾಡಿ ಪ್ರಸಿದ್ಧನಾದ ಮಸಾಕಿ ಯುವಾಸಾ ಚಿತ್ರಕಥೆಯಲ್ಲೂ ಚಿತ್ರಣದಲ್ಲೂ ಕೈಜೋಡಿಸಿದ್ದಾನೆ. ಹೊರಗಿನವರು ಇದನ್ನು ‘ಕ್ಯಾಟ್ ಸೂಪ್’ ಎಂದು ಕರೆಯುತ್ತಾರೆ. ಸೂಪು ಎಂದರೆ ನಮ್ಮ ಕಡೆ ಕಾಲು ಸೂಪು ಮಾತ್ರ ನೆನಪಾಗುವುದರಿಂದ ನಾವು ಅದನ್ನು ‘ಬೆಕ್ಕಿನ ಸಾರು’ ಎಂದೇ ಕರೆದೆವು. ನೆಕೊಜಿರು ಎಂಬುದು ಮೂಲ ಚಿತ್ರಕಥಾ ಪುಸ್ತಕಗಳನ್ನು ಬರೆದ ಕಲಾವಿದೆಯ ಕಾವ್ಯನಾಮ. 1990ರಲ್ಲಿ ‘ಗಾರೊ’ ಎಂಬ ಪತ್ರಿಕೆಯಲ್ಲಿ ಬರೆಯಲಾರಂಭಿಸಿದ ಈಕೆ 1998ರಲ್ಲಿ, 31ನೇ ವಯಸ್ಸಿನಲ್ಲಿ, ತನ್ನ ಬದುಕನ್ನು ತಾನೇ ಮುಗಿಸಿಕೊಂಡಳು. ಚಿತ್ರ ಬಂದದ್ದು ಆ ನಂತರ. ಹಾಗಾಗಿ ಚಿತ್ರದ ಬಗ್ಗೆ ಮಾತಾಡುವವರೆಲ್ಲ ಆಕೆಯ ಸಾವಿನಿಂದ ಶುರು ಮಾಡುತ್ತಾರೆ, ಚಿತ್ರದೊಳಗೆ ಅದರ ಸುಳಿವು ಹುಡುಕುತ್ತಾರೆ. ಇದು ನಮಗೆ ಸರಿಕಾಣಲಿಲ್ಲ. ಸತ್ತವಳ ನೋವನ್ನು ಒಗಟು ಮಾಡಿ ಬಿಡಿಸುತ್ತಾ ಕೂರುವುದು ವಿಮರ್ಶೆಯಲ್ಲ.

ಕಥೆಯನ್ನು ಹೇಳಿಬಿಡೋಣ, ಬಚ್ಚಿಡುವಂಥದ್ದು ಏನೂ ಇಲ್ಲ. ನ್ಯಾತ್ತ ತಮ್ಮ, ನ್ಯಾಕೊ ಅಕ್ಕ. ಇಬ್ಬರೂ ಬೆಕ್ಕಿನ ಮರಿಗಳು. ‘ನ್ಯಾ’ ಎಂದರೆ ಜಪಾನಿ ಬೆಕ್ಕಿನ ‘ಮಿಯಾಂವ್’. ತಮ್ಮ ಬಚ್ಚಲ ತೊಟ್ಟಿಯಲ್ಲಿ ಆಟಿಕೆಗೆ ಕೈಚಾಚಿ ಮುಳುಗುತ್ತಾನೆ. ಆ ಸಾವು ಬದುಕಿನ ನಡುವೆ ಅವನಿಗೆ ಕಾಣುವುದು, ಕಾಯಿಲೆ ಮಲಗಿದ್ದ ಅಕ್ಕನ ಕೈ ಹಿಡಿದು ಯಾರೋ ಕರೆದೊಯ್ಯುತ್ತಿರುವುದು. ಅವನು ಓಡಿಹೋಗಿ ಅಕ್ಕನ ಇನ್ನೊಂದು ಕೈ ಹಿಡಿದು ಎಳೆಯುತ್ತಾನೆ. ಜಗ್ಗಾಟದಲ್ಲಿ ಅಕ್ಕನ ಜೀವ ಎರಡು ತುಂಡಾಗುತ್ತದೆ. ಅರ್ಧ ಅವನ ಪಾಲಿಗೆ, ಅರ್ಧ ಸಾವಿನ ಪಾಲಿಗೆ. ಆ ಅರ್ಧವನ್ನು ತಂದು ಹಾಕಿದಾಗ ಅಕ್ಕ ಕಣ್ಣು ಬಿಡುತ್ತಾಳೆ. ಆದರೆ ಮಾತಿಲ್ಲ, ಕಣ್ಣಲ್ಲಿ ಗುರುತಿಲ್ಲ. ಕೈ ಹಿಡಿದರೆ ನಡೆಯುತ್ತಾಳೆ, ಬಿಟ್ಟರೆ ನಿಲ್ಲುತ್ತಾಳೆ. ಉಳಿದ ಅರ್ಧವನ್ನು ತುಂಬಿಕೊಡುವ ಒಂದು ಹೂವನ್ನು ಹುಡುಕಿಕೊಂಡು ತಮ್ಮ ಅವಳನ್ನು ಕೈಹಿಡಿದು ಕರೆದೊಯ್ಯುತ್ತಾನೆ.

ಮುಂದಿನದ್ದೆಲ್ಲ ಆ ದಾರಿಯಲ್ಲಿ ಕಂಡದ್ದು. ಒಂದು ಸರ್ಕಸ್ಸು, ಅಲ್ಲಿ ಹೆಂಗಸೊಬ್ಬಳನ್ನು ತುಂಡು ತುಂಡು ಮಾಡಿ ಮತ್ತೆ ಜೋಡಿಸುತ್ತಾರೆ. ಅಲ್ಲೇ ಒಂದು ದೈತ್ಯ ಹಕ್ಕಿ ಒಡೆದು ಪ್ರಳಯದಂತೆ ನೀರು ನುಗ್ಗುತ್ತದೆ. ಆಮೇಲೆ ದೋಣಿ. ಆಮೇಲೆ ಮರಳುಗಾಡು. ಮಕ್ಕಳನ್ನು ಕರೆದು ಉಣ್ಣಿಸಿ, ಕೊನೆಗೆ ಅವರನ್ನೇ ಸಾರಿಗೆ ಹಾಕಲು ಹೊರಡುವ ಒಬ್ಬ ವಿಚಿತ್ರ ಗೃಹಸ್ಥ. ಒಂದು ಕಡೆ ಕಾಲವೇ ನಿಂತುಬಿಡುತ್ತದೆ. ಎದ್ದ ಅಲೆ ಎದ್ದಲ್ಲೇ ಕಲ್ಲಾಗುತ್ತದೆ. ಮತ್ತೆ ಕಾಲ ಹಿಂದಕ್ಕೆ ಮುಂದಕ್ಕೆ ಜಾರುತ್ತದೆ. ಸಂಭಾಷಣೆ ಹೆಚ್ಚುಕಡಿಮೆ ಇಲ್ಲ. ಅಲ್ಲೊಂದು ಇಲ್ಲೊಂದು ಮಾತು ಚಿತ್ರಕಥೆಯ ಪುಸ್ತಕದಂತೆ ಗುಳ್ಳೆಯಲ್ಲಿ ಬರುತ್ತದೆ. ಬಣ್ಣಗಳು ಕರಗಿ ಒಂದರೊಳಗೊಂದು ಹರಿಯುತ್ತವೆ. ಯಾವುದಾದ ಮೇಲೆ ಯಾವುದು ಬರುತ್ತದೆ ಎಂಬುದಕ್ಕೆ ಹಗಲಿನ ತರ್ಕ ಯಾವುದೂ ಇಲ್ಲ.

ಇಂಥದ್ದನ್ನು ‘ಸೈಕೆಡೆಲಿಕ್’ ಎನ್ನುತ್ತಾರಂತೆ. ನಮ್ಮ ಹುಡುಗನೂ ಅದೇ ಪದ ಬಳಸಿದ. 1950ರ ದಶಕದಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ ಗ್ರೀಕಿನ ಎರಡು ಪದ ಜೋಡಿಸಿ ಮಾಡಿದ ಶಬ್ದವಿದು. ಮನಸ್ಸನ್ನು ಕಾಣಿಸುವಂಥದ್ದು ಎಂದು ಅದರ ಅರ್ಥ. ಅದು ಮಾದಕ ವಸ್ತುವಿನ ಸಹವಾಸ ಮಾಡಿದ್ದರಿಂದ ಈಗ ಆ ಪದ ಕೇಳಿದರೆ ನಶೆಯೇ ನೆನಪಾಗುತ್ತದೆ. ಈ ಚಿತ್ರವನ್ನು ಮೆಚ್ಚುವವರಲ್ಲಿ ಬಹುಮಂದಿ “ಯಾವ ನಶೆಯಲ್ಲಿ ಮಾಡಿದರೋ” ಎಂದೇ ಮೆಚ್ಚುತ್ತಾರೆ. ಬೈಯುವವರೂ ಅದೇ ಮಾತಿನಿಂದ ಬೈಯುತ್ತಾರೆ. ಶಿರಾದವರು ಬೈಯುವ ಕಡೆಯವರು. “ಇದರಲ್ಲಿ ಏನಿದೆ? ಕುಡಿದವನು ಹಾದಿಯಲ್ಲಿ ಬಡಬಡಿಸಿದ ಹಾಗಿದೆ. ನಾವು ಯಾಕೆ ಕೂತು ಕೇಳಬೇಕು?” ಎಂದರು.

ನಮ್ಮಲ್ಲಿ ಉಳಿದವರಿಗೆ ಹಾಗನಿಸಲಿಲ್ಲ. ಇದು ನಶೆಯ ಚಿತ್ರವಲ್ಲ, ಜ್ವರದ ಚಿತ್ರ. ಚಿಕ್ಕಂದಿನಲ್ಲಿ ಜ್ವರ ನೆತ್ತಿಗೇರಿ ಮಲಗಿದ್ದವರಿಗೆ ಇದು ಗೊತ್ತು. ಮನೆಯ ಜಂತೆ ಕೆಳಗಿಳಿದು ಬರುತ್ತದೆ, ಗೋಡೆಯ ಸುಣ್ಣ ಎದ್ದ ಕಡೆ ಆನೆ ಕಾಣುತ್ತದೆ, ಅವ್ವನ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ನಶೆ ಮಾಡಿದವನು ಬೇಕೆಂದು ಹೋಗಿರುತ್ತಾನೆ. ಜ್ವರದ ಮಗು ಬೇಕೆಂದು ಹೋದದ್ದಲ್ಲ. ಅದಕ್ಕೆ ವಾಪಸು ಬರಬೇಕಾಗಿರುತ್ತದೆ. ‘ಬೆಕ್ಕಿನ ಸಾರಿ’ನ ಪ್ರತಿ ವಿಚಿತ್ರ ದೃಶ್ಯದೊಳಗೂ ಈ ವಾಪಸು ಬರುವ ಆತುರವಿದೆ. ಲೋಕವೇ ಕರಗುತ್ತಿದ್ದರೂ ತಮ್ಮನ ಕೈಯಲ್ಲಿ ಅಕ್ಕನ ಕೈ ಇದೆಯೇ ಎಂದು ನಮ್ಮ ಕಣ್ಣು ಪ್ರತಿ ಸಲವೂ ಮೊದಲು ಅಲ್ಲಿಗೇ ಹೋಗುತ್ತದೆ. ಇಷ್ಟು ಗಲಭೆಯ ನಡುವೆ ನೋಡುಗನ ಕಣ್ಣನ್ನು ಒಂದು ಸಣ್ಣ ಕೈಯ ಮೇಲೆ ನಿಲ್ಲಿಸುವುದು ನಶೆಯವನ ಕೆಲಸವಲ್ಲ.

ಕೊರಟಗೆರೆಯವರು ಇನ್ನೊಂದು ಮಾತು ಸೇರಿಸಿದರು. ಹುಡುಗರಾಗಿದ್ದಾಗ ಅವರ ಊರಿಗೆ ಕಿಳ್ಳೇಕ್ಯಾತರು ತೊಗಲುಗೊಂಬೆ ಆಡಿಸಲು ಬರುತ್ತಿದ್ದರಂತೆ. ಮಳೆ ಹೋದ ವರ್ಷ ಊರವರೇ ಕರೆಸುತ್ತಿದ್ದರು. ಗೊಂಬೆ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ. ಹದ ಮಾಡಿದ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಹಚ್ಚಿ, ಬಿಳಿ ಪರದೆಯ ಹಿಂದೆ ದೀಪವಿಟ್ಟು ರಾತ್ರಿಯಿಡೀ ರಾಮಾಯಣ ನಡೆಸುವುದು. ರಾಕ್ಷಸರ ತಲೆ ಹಾರುತ್ತಿತ್ತು, ಕೈ ಬೇರೆ ಕಾಲು ಬೇರೆ ಆಗುತ್ತಿತ್ತು, ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಪೋಲಿ ಮಾತಾಡಿ ನಗಿಸುತ್ತಿದ್ದರು. “ಆಗ ಯಾರೂ ಇದರ ಅರ್ಥವೇನು ಎಂದು ಕೇಳಲಿಲ್ಲ. ಮಕ್ಕಳು ನೋಡಬಾರದು ಎಂದೂ ಅನ್ನಲಿಲ್ಲ. ಜಪಾನಿನವನು ಮಾಡಿದರೆ ಮಾತ್ರ ಅರ್ಥ ಕೇಳುತ್ತೀರಿ” ಎಂದು ಶಿರಾದವರ ಮೇಲೆ ಹರಿಹಾಯ್ದರು. ಮಾತಿನಲ್ಲಿ ಸ್ವಲ್ಪ ಅತಿಯಿದೆ. ಗೊಂಬೆಯಾಟದ ತಲೆ ಹಾರುವುದಕ್ಕೆ ಹಿಂದೆ ಎಲ್ಲರಿಗೂ ಗೊತ್ತಿರುವ ಕಥೆ ನಿಂತಿರುತ್ತದೆ. ಈ ಬೆಕ್ಕುಗಳ ಹಿಂದೆ ಅಂಥದ್ದಿಲ್ಲ. ಆದರೂ ಹತ್ತಿರದ ಸಂಬಂಧವಂತೂ ಇದೆ. ನಮ್ಮ ಕಡೆಯ ಚಿಕ್ಕ ತೊಗಲುಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ಇಡೀ ಸನ್ನಿವೇಶವನ್ನು, ಮರ, ಮಂಟಪ, ಆಳುಗಳ ಸಮೇತ ಬರೆದಿರುತ್ತಾರೆ. ಬೆಳಕಿಗೆ ಹಿಡಿದಾಗ ಅದು ಉಸಿರಾಡುತ್ತದೆ. ಪಾವಗಡದ ಗಡಿಯಾಚೆ, ಧರ್ಮಾವರದ ಹತ್ತಿರದ ನಿಮ್ಮಲಕುಂಟದಲ್ಲಿ ತೊಗಲಿನ ಕೆಲಸ ಇನ್ನೂ ಉಳಿದಿದೆ. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ನಮ್ಮ ನಾಲ್ಕು ತಾಲೂಕಿನ ಮಕ್ಕಳಲ್ಲಿ ಎಷ್ಟು ಮಂದಿ ಗೊಂಬೆಯಾಟ ನೋಡಿದ್ದಾರೆ ಎಂದು ತರಗತಿಯಲ್ಲಿ ಕೈ ಎತ್ತಿಸಿದರೆ ಒಂದು ಕೈಯೂ ಏಳುವುದಿಲ್ಲ.

ಹಾಗೆಯೇ, ಇದೆಲ್ಲ ಪರದೇಶದ ಹುಚ್ಚು ಎನ್ನುವವರಿಗೆ ಇನ್ನೊಂದು ವಿಷಯ. ಆಗಿನ ಫಿಲ್ಮ್ಸ್ ಡಿವಿಷನ್ ಎಂದರೆ ನಮಗೆ ಟೆಂಟಿನಲ್ಲಿ ಪಿಕ್ಚರಿಗೆ ಮೊದಲು ಹಾಕುತ್ತಿದ್ದ ನೆರೆ ಪರಿಹಾರದ ನ್ಯೂಸ್ ರೀಲು ಮಾತ್ರ ನೆನಪು. ಅದೇ ಸರ್ಕಾರಿ ಸಂಸ್ಥೆಯೊಳಗೆ ಕೂತು ಪ್ರಮೋದ್ ಪತಿ ಎಂಬಾತ 1968ರಲ್ಲಿ ‘ಎಕ್ಸ್‌ಪ್ಲೋರರ್’ ಎಂಬ, ನೋಡಿದರೆ ತಲೆ ಗಿರ್ರೆನ್ನುವ ಕಿರುಚಿತ್ರ ಮಾಡಿದ್ದ. ನಂತರ ಆತ ಮಾಡಿದ ‘ಆಬಿದ್’ ಚಿತ್ರದಲ್ಲಿ ಚಿತ್ರಕಾರ ಆಬಿದ್ ಸುರ್ತಿಯವರನ್ನೇ ಗೊಂಬೆಯಂತೆ ಒಂದೊಂದೇ ಫ್ರೇಮಿನಲ್ಲಿ ಸರಿಸಿ, ಕೋಣೆಯ ಗೋಡೆಯ ಮೇಲೆಲ್ಲ ಬಣ್ಣ ಕುಣಿಸಿದ್ದಾನೆ. ‘ಧರ್ಮಯುಗ’ದ ಓದುಗರಿಗೆ ಢಬ್ಬೂಜಿಯನ್ನು, ಕಾಮಿಕ್ಸ್ ಓದುವ ಹುಡುಗರಿಗೆ ಬಹಾದೂರನನ್ನು ಕೊಟ್ಟ ಸುರ್ತಿ ಇವರೇ. 2007ರಲ್ಲಿ ಇದೇ ಮನುಷ್ಯ ಮುಂಬಯಿಯ ಮೀರಾ ರೋಡಿನಲ್ಲಿ ಒಬ್ಬ ಪ್ಲಂಬರನನ್ನು ಕಟ್ಟಿಕೊಂಡು ಭಾನುವಾರ ಮನೆಮನೆ ತಿರುಗಿ ಸೋರುವ ನಲ್ಲಿಗಳನ್ನು ಪುಕ್ಕಟೆಯಾಗಿ ರಿಪೇರಿ ಮಾಡತೊಡಗಿದರು. ಇದನ್ನು ಹೇಳಿದಾಗ ಪಾವಗಡದವರು ಮೊದಲ ಬಾರಿಗೆ ಬಾಯಿಬಿಟ್ಟರು. “ನಲ್ಲಿ ರಿಪೇರಿ ಮಾಡುವ ಕಲಾವಿದನನ್ನು ನಾನು ಒಪ್ಪುತ್ತೇನೆ” ಎಂದರು.

ಪಾವಗಡದವರು ಅಲ್ಲಿಯವರೆಗೆ ಸುಮ್ಮನಿದ್ದುದಕ್ಕೆ ಕಾರಣವಿತ್ತು. ಅವರು ಚಿತ್ರದಲ್ಲಿ ನೋಡುತ್ತಿದ್ದದ್ದು ನೀರನ್ನು. ತೊಟ್ಟಿಯ ನೀರು, ಪ್ರಳಯದ ನೀರು, ಮರಳುಗಾಡಿನಲ್ಲಿ ಇಲ್ಲದ ನೀರು. ಅಲ್ಲಿ ಒಂದು ದೃಶ್ಯವಿದೆ. ಬಾಯಾರಿ ಸಾಯುತ್ತಿರುವ ಅಕ್ಕ ತಮ್ಮಂದಿರಿಗೆ ಮರಳಿನ ನಡುವೆ ಒಂದು ಆನೆ ಸಿಗುತ್ತದೆ. ಪೂರ್ತಿ ನೀರಿನದೇ ಆನೆ. ಮಕ್ಕಳು ಅದರ ಹೊಟ್ಟೆಯೊಳಗೆ ಹೊಕ್ಕು ಈಜುತ್ತಾರೆ, ಆಡುತ್ತಾರೆ. ಬಿಸಿಲು ಏರಿದಂತೆ ಆನೆ ಆವಿಯಾಗುತ್ತಾ ಹೋಗಿ ಇಲ್ಲವಾಗುತ್ತದೆ. ಬೇರೆ ಊರಿನ ಪ್ರೇಕ್ಷಕರು ಇದನ್ನು ಸುಂದರ ಎನ್ನಬಹುದು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಮಕ್ಕಳಿಗೆ ದಿನವೂ ಪಾಠ ಮಾಡುವವರಿಗೆ ಅದು ಸುಂದರ ಮಾತ್ರವಲ್ಲ. “ಆ ಆನೆ ನಮ್ಮ ಕಡೆಯ ಮೋಡ. ಬರುತ್ತದೆ, ಮಕ್ಕಳು ಕುಣಿಯುತ್ತವೆ, ಮಧ್ಯಾಹ್ನಕ್ಕೆ ಇರುವುದಿಲ್ಲ” ಎಂದರು. ಕೊನೆಯ ಭಾಗದಲ್ಲಿ ಬರುವ ಯಂತ್ರಮಯವಾದ, ಜೀವವಿಲ್ಲದ ನೀರಿನ ವಿಸ್ತಾರವನ್ನು ನೋಡಿ ಅವರಿಗೆ ನೆನಪಾದದ್ದು ತಿರುಮಣಿಯ ಸೋಲಾರ್ ಪಾರ್ಕು. ಸುಮಾರು 13,000 ಎಕರೆ, 2,050 ಮೆಗಾವಾಟ್. ರೈತರಿಂದ ಗುತ್ತಿಗೆಗೆ ಪಡೆದ ಜಮೀನಿನ ಮೇಲೆ ಕನ್ನಡಿಯಂತೆ ಹಾಸಿರುವ ಆ ಹಲಗೆಗಳು ದೂರದಿಂದ ಕೆರೆಯಂತೆಯೇ ಕಾಣುತ್ತವೆ. ಜಪಾನಿನ ಕಲಾವಿದರಿಗೆ ಪಾವಗಡ ಎಂಬ ಊರಿದೆಯೆಂದೇ ಗೊತ್ತಿರಲಾರದು. ಆದರೂ ನಾವು ನಮ್ಮ ಕಣ್ಣಿನಿಂದಲೇ ನೋಡಬೇಕು, ಬೇರೆಯವರ ಕಣ್ಣು ಎರವಲು ತರಲಾಗುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ನಮ್ಮ ತಕರಾರನ್ನೂ ಹೇಳಬೇಕು. ದೋಣಿಯಲ್ಲಿ ಇವರ ಜೊತೆ ಒಂದು ಹಂದಿ ಇರುತ್ತದೆ. ಅದರ ಹೊಟ್ಟೆಗೆ ಜಿಪ್ಪು. ಎಳೆದರೆ ಒಳಗೆ ಮಾಂಸ. ಮಕ್ಕಳು ಕೊಯ್ದು ತಿನ್ನುತ್ತಾರೆ, ಹಂದಿಗೂ ಅದರದೇ ಒಂದು ತುಂಡು ಕೊಡುತ್ತಾರೆ, ಅದೂ ರುಚಿಯಾಗಿ ತಿನ್ನುತ್ತದೆ. ಮುಂದೆ ಹಂದಿ ತಿರುಗಿಬಿದ್ದು ತಮ್ಮನ ಕೈ ಹೋಗುತ್ತದೆ. ಅದನ್ನು ಹರಿದ ಅಂಗಿಯಂತೆ ಹೊಲಿದು ಜೋಡಿಸಲಾಗುತ್ತದೆ. ಈ ಭಾಗ ಬಂದಾಗ ಮಧುಗಿರಿಯವರ ಮುಖ ನೋಡಿ ಹುಡುಗ ಗಾಬರಿಯಾಗಿ, “ಹಂದಿ ಇರೋದು ಮರೆತೇಬಿಟ್ಟಿದ್ದೆ ಸಾರ್” ಎಂದು ರಿಮೋಟ್ ಹುಡುಕಿದ. “ಹಂದಿ ಅಂತ ಅಲ್ಲಪ್ಪ, ಕುರಿಯಾಗಿದ್ದರೂ ಇದನ್ನು ನೋಡಲಾಗುತ್ತಿರಲಿಲ್ಲ” ಎಂದರು ಅವರು. ಅದು ನಿಜ. ನಾವು ಮಾಂಸ ತಿನ್ನುವವರೇ. ಆದರೆ ಕೊಯ್ಯುವ ಮುನ್ನ ಪ್ರಾಣಿಗೆ ನೀರು ಕುಡಿಸಬೇಕು, ಅದರ ಎದುರು ಕತ್ತಿ ಮಸೆಯಬಾರದು ಎಂದು ಹೇಳಿಸಿಕೊಂಡು ಬೆಳೆದವರು. ಕೊಲ್ಲುವುದಕ್ಕೂ ಒಂದು ಅದಬು ಇದೆ. ಚಿತ್ರ ಇಲ್ಲಿ ಬೇಕೆಂದೇ ಅದಬನ್ನು ಕಿತ್ತೆಸೆದು, ಮುದ್ದುಮುಖದ ಮಕ್ಕಳು ಎಷ್ಟು ಕ್ರೂರಿಗಳಾಗಬಲ್ಲರು ಎಂದು ತೋರಿಸುತ್ತದೆ. ತೋರಿಸಲಿ. ಆದರೆ ಅದೇ ವರಸೆಯನ್ನು ಮತ್ತೆ ಮತ್ತೆ ತೋರಿಸಿ, ಮುದ್ದು ಮತ್ತು ರಕ್ತವನ್ನು ಬೆರೆಸುವುದೇ ಒಂದು ಚಮತ್ಕಾರವಾಗಿಬಿಡುತ್ತದೆ. ಚಿತ್ರ ತನ್ನ ಅಕ್ಕನನ್ನು ಮರೆಯುವುದು ಈ ಜಾಗಗಳಲ್ಲಿ. ಬೆಕ್ಕಿನ ಬೊಂಬೆ ನೋಡಿ ಇದು ಮಕ್ಕಳ ಚಿತ್ರವೆಂದು ಯಾರೂ ಮೋಸಹೋಗಬಾರದು. ನಮ್ಮ ಶಾಲೆಗಳಲ್ಲಿ ನಾವಂತೂ ಇದನ್ನು ತೋರಿಸುವುದಿಲ್ಲ. ‘ತಲೆಬೆಟ್ಟ’ವನ್ನು ತೋರಿಸುತ್ತೇವೆ.

ಇನ್ನು, ಬರೆಯಲು ಕಾರಣವಿದೆ ಎಂದೆವಲ್ಲ, ಅದು.

ಮಧುಗಿರಿಯವರ ಅಕ್ಕ ಆ ಮನೆಯಲ್ಲೇ ಇದ್ದಾರೆ. ಮನೆಯವರು ಆಪಾ ಎನ್ನುತ್ತಾರೆ, ನಾವೂ ಆಪಾ ಎನ್ನುತ್ತೇವೆ. ಐವತ್ತು ದಾಟಿದೆ. ಒಂಬತ್ತನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂದು, ಬದುಕುವುದಿಲ್ಲ ಎಂದು ಡಾಕ್ಟರರು ಕೈಚೆಲ್ಲಿದ ಮೇಲೂ ಬದುಕಿದವರು. ಬದುಕಿದರು, ಮಾತು ಬರಲಿಲ್ಲ. ಕೈ ಹಿಡಿದರೆ ನಡೆಯುತ್ತಾರೆ. ಓಣಿಯ ಜನ ಆಗ ಅಂದ ಮಾತನ್ನು ಗೆಳೆಯರು ಒಮ್ಮೆ ಹೇಳಿದ್ದರು: ಅರ್ಧ ಜೀವ. ಚಿತ್ರ ಶುರುವಾದಾಗ ಆಪಾ ಒಳಗಿದ್ದರು. ಯಾವಾಗ ಬಂದು ಬಾಗಿಲ ಹತ್ತಿರ ಕೂತರೋ ನಾವು ನೋಡಲಿಲ್ಲ. ನೀರಾನೆ ಬಂದಾಗ ಹಿಂದಿನಿಂದ ನಗು ಕೇಳಿತು, ತಿರುಗಿ ನೋಡಿದರೆ ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಆನೆ ಆವಿಯಾಗುವಾಗ ನಗು ನಿಂತಿತು.

ಚಿತ್ರ ಮುಗಿದ ಮೇಲೆ ಬಹಳ ಹೊತ್ತು ಗೆಳೆಯರು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇದು. ಜ್ವರ ಇಳಿದ ಮೇಲೆ ಅವರ ಅಬ್ಬಾ ಮಗಳನ್ನು ಹೆಗಲ ಮೇಲೆ ಹೊತ್ತು ತಿರುಗದ ಊರಿಲ್ಲ. ಶಿರಾದ ಮಲಿಕ್ ರಿಹಾನ್ ದರ್ಗಾಕ್ಕೆ ಹೋದರು. ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಔಷಧಿ ಬೇರು ಸಿಗುತ್ತದೆಂದು ಅಲ್ಲಿಗೆ ಹತ್ತಿದರು. ಪಾವಗಡದ ಕಡೆ ಯಾರೋ ನಾಟಿ ವೈದ್ಯರಿದ್ದಾರೆಂದು ಅಲ್ಲಿಗೂ. ತಮ್ಮನಾದ ಗೆಳೆಯರು ಆಗ ಆರು ವರ್ಷದವರು, ಅಬ್ಬಾನ ಲುಂಗಿ ಹಿಡಿದು ಹಿಂದೆ. ಇದೇ ನಾಲ್ಕು ತಾಲೂಕು. ನಮಗೆ ಶೈಕ್ಷಣಿಕ ಜಿಲ್ಲೆಯಾಗಿರುವುದು ಅವರಿಗೆ ಅದಕ್ಕೂ ಮೊದಲೇ ಹೂವು ಹುಡುಕಿದ ದಾರಿಯಾಗಿತ್ತು. “ಈ ಚಿತ್ರ ಮಾಡಿದವನಿಗೆ ದಾರಿ ಗೊತ್ತು ಸಾರ್. ದರ್ಗಾದ ಮುಂದಿನ ಮಿಠಾಯಿ ಅಂಗಡಿ, ಬೆಟ್ಟದ ಕೋತಿ, ಬಸ್ಸಿನಲ್ಲಿ ವಾಂತಿ, ಎಲ್ಲ ಕನಸಿನ ಹಾಗೇ ನೆನಪಿರೋದು. ಹೂವು ಮಾತ್ರ ಅವನಿಗೆ ಗೊತ್ತಿಲ್ಲ” ಎಂದರು.

ನಮ್ಮ ವಿಮರ್ಶೆ ಅಲ್ಲಿಂದ ಬೇರೆ ದಾರಿ ಹಿಡಿಯಿತು. ಚಿತ್ರದಲ್ಲಿ ಹೂವು ಸಿಗುತ್ತದೆ. ಅಕ್ಕನ ಮುಖಕ್ಕೆ ಬಣ್ಣ ಬರುತ್ತದೆ, ಕಣ್ಣಿಗೆ ಗುರುತು ಬರುತ್ತದೆ, ಇಬ್ಬರೂ ಮನೆಗೆ ಬರುತ್ತಾರೆ. ಮಾಮೂಲಿ ಸಂಜೆ, ಮನೆಯವರೆಲ್ಲ ಇದ್ದಾರೆ, ಟಿ.ವಿ. ಹಾಕಿದೆ. ಆಗ ದೀಪ ಆರಿದಂತೆ ಮನೆಯವರು ಒಬ್ಬೊಬ್ಬರಾಗಿ ಮಾಯವಾಗುತ್ತಾ ಹೋಗುತ್ತಾರೆ. ಕೊನೆಗೆ ಪರದೆಯ ಮೇಲೆ ಚುಕ್ಕಿ ಮಳೆ ಮಾತ್ರ. ಮುಳುಗಿದ ತಮ್ಮ ಬದುಕಿ ಬರಲೇ ಇಲ್ಲ, ಇದೆಲ್ಲ ಸಾಯುವವನ ಕನಸು ಎಂದು ಹಲವರು ಈ ಕೊನೆಯನ್ನು ಬಿಡಿಸುತ್ತಾರೆ. ಹಾಗೂ ಇರಬಹುದು. ನಮಗೆ ಕಂಡದ್ದು ಬೇರೆ. ಇಡೀ ಚಿತ್ರದಲ್ಲಿ ಅತ್ಯಂತ ದುರ್ಬಲ ಭಾಗ ಆ ಹೂವು. ಅರ್ಧ ಗಂಟೆಯ ಕಾಲ ಮಾತಿಲ್ಲದ ಅಕ್ಕನನ್ನು ಪಕ್ಕದಲ್ಲೇ ಇಟ್ಟುಕೊಂಡು ಪ್ರಳಯ, ಮರಳುಗಾಡು ದಾಟಿದ ಚಿತ್ರಕ್ಕೆ ಕೊನೆಗೆ ಅವಳನ್ನು ಹಾಗೆಯೇ ಮನೆಗೆ ಕರೆತರುವ ಧೈರ್ಯ ಬರಲಿಲ್ಲ. ಅವಳು ಪೂರ್ತಿಯಾಗಲೇಬೇಕಾಯಿತು. ದಾರಿಯುದ್ದಕ್ಕೂ ತಮ್ಮ ಒಮ್ಮೆಯೂ ಅವಳನ್ನು ಅರ್ಧ ಎಂದು ಕಂಡಿರಲಿಲ್ಲ. ಬಾಯಾರಿದರೆ ಮೊದಲು ಅವಳಿಗೆ, ಆಟ ಸಿಕ್ಕರೆ ಅವಳ ಜೊತೆ. ಅರ್ಧ ಎಂದದ್ದು ಕಥೆ. ಆ ಕಥೆ ಅವಳನ್ನು ಸರಿಮಾಡಿ ಮುಗಿಸಿದ ಕೂಡಲೇ ಅದಕ್ಕೆ ಹೇಳುವುದೇನೂ ಉಳಿಯುವುದಿಲ್ಲ, ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಆರಿಸಿಬಿಡುತ್ತದೆ. ನಿರ್ದೇಶಕ ಇದನ್ನು ಬೇಕೆಂದೇ ಮಾಡಿದ್ದಾನೆಯೇ? ಮಾಡಿದ್ದರೆ ಬಹಳ ದೊಡ್ಡ ಕೆಲಸ. ಹೂವನ್ನು ಕೊಟ್ಟು, ಅದರಿಂದ ಏನೂ ಉಳಿಯಲಿಲ್ಲ ಎಂದು ತೋರಿಸಿದಂತಾಯಿತು. ಈ ಬಗ್ಗೆ ನಾವು ನಾಲ್ವರು ಇನ್ನೂ ಒಂದು ಮಾತಿಗೆ ಬಂದಿಲ್ಲ. ಕೊರಟಗೆರೆಯವರು ಬೇಕೆಂದೇ ಎನ್ನುತ್ತಾರೆ, ಮಧುಗಿರಿಯವರು ಅಲ್ಲ ಎನ್ನುತ್ತಾರೆ.

ನಶೆ ಎಂದು ಬೈದಿದ್ದ ಶಿರಾದವರು ಮಾತ್ರ ಆ ಸಂಜೆ ಮತ್ತೆ ಬೈಯಲಿಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, “ಅಲ್ಲ, ಆ ಜಗ್ಗಾಟದಲ್ಲಿ ಕೈ ಬಿಟ್ಟಿದ್ದರೆ ಅವಳು ಇಡಿಯಾಗಿ ಹೋಗುತ್ತಿದ್ದಳು. ಬಿಡದೆ ಇದ್ದದ್ದಕ್ಕೇ ಅರ್ಧ ಆದಳು. ಅವನದು ತಪ್ಪೋ ಸರಿಯೋ?” ಎಂದು ಕೇಳಿದರು. ಮಧುಗಿರಿಯವರು ಉತ್ತರ ಕೊಡಲಿಲ್ಲ. ಆಪಾ ಟಿ.ವಿ.ಯ ಕಡೆ ಕೈ ತೋರಿಸಿ ಏನೋ ಕೇಳುತ್ತಿದ್ದರು. ಹುಡುಗನಿಗೆ ಅರ್ಥವಾಯಿತು, ಚಿತ್ರವನ್ನು ಹಿಂದಕ್ಕೆ ಓಡಿಸಿ ನೀರಾನೆಯ ದೃಶ್ಯಕ್ಕೆ ತಂದು ಹಾಕಿದ. ಅದು ಆವಿಯಾಗಲು ಶುರುವಾದ ಕೂಡಲೇ ಮತ್ತೆ ಮೊದಲಿಗೆ. ನಾಲ್ಕು ಸಲ ಹಾಗೆ ಮಾಡಿದ. ಪಾವಗಡದ ಬಸ್ಸು ಹೊರಟುಹೋಗಿತ್ತು. ಪಾವಗಡದವರು ಬ್ಯಾಗು ಕೆಳಗಿಟ್ಟು ಆಪಾನ ಹಿಂದೆ ನಿಂತು ಐದನೇ ಸಲವೂ ನೋಡಿದರು.